ನೂರು ಎಕರೆ ಕಾಡಿನಲ್ಲಿ ನೋಡೋಕೆ ಏನಿದೆ?

ಇಂಗ್ಲೆಂಡಿನಲ್ಲಿ ಚಿಕ್ಕ ಮಕ್ಕಳಿರುವ ಮನೆಗಳ ವೀಕೆಂಡನ್ನು ಈಗ ನಡೆಸುತ್ತಿರುವುದು ಕತೆ ಪುಸ್ತಕಗಳು. ಸರ್ಕಾರಿ ಕಾಡಿಗೆ ಹೋದರೆ ಮರದಲ್ಲಿ ಕೆತ್ತಿ ನಿಲ್ಲಿಸಿದ ಗ್ರಫಲೋ. ಆಕ್ಸ್‌ಫರ್ಡಿಗೆ ಹೋದರೆ ಆಲಿಸ್. ವಿಂಡರ್‌ಮಿಯರ್ ಸರೋವರದ ಕಡೆ ಹೋದರೆ ಬಿಯಾಟ್ರಿಕ್ಸ್ ಪಾಟರ್ ಬರೆದ ಮೊಲ, ಬಾತುಕೋಳಿಗಳು. ಎಷ್ಟೋ ಕಡೆ ಗೇಟಿನಲ್ಲೇ ಒಂದು ಹಾಳೆ, ಒಂದು ಮೋಟು ಪೆನ್ಸಿಲ್ ಕೈಗೆ ಕೊಡುತ್ತಾರೆ. ಹತ್ತು ಕಡೆ ಹತ್ತು ಬೋರ್ಡು, ಪ್ರತಿ ಬೋರ್ಡಿನಲ್ಲೂ ಒಂದು ಅಕ್ಷರ. ಎಲ್ಲ ಸೇರಿಸಿ ಒಂದು ಪದ ಮಾಡಿಕೊಂಡು ಹೋದರೆ ಅಂಗಡಿಯಲ್ಲಿ ಚಾಕೊಲೇಟೋ ಸ್ಟಿಕ್ಕರೋ ಸಿಗುತ್ತದೆ. ಆ ಅಂಗಡಿ ದಾಟದೆ ಕಾರ್ ಪಾರ್ಕಿಗೆ ಬರೋಕೆ ಆಗೋದಿಲ್ಲ, ಹಾಗೆ ದಾರಿ ಮಾಡಿರುತ್ತಾರೆ.

ಬಿಸಿನೆಸ್ ಮಾಡ್ತಾರೆ ಅಂತ ಮೂಗು ಮುರಿಯೋ ಉದ್ದೇಶ ನನಗಿಲ್ಲ. ಚಳಿಗಾಲದ ಭಾನುವಾರ ಐದು ವರ್ಷದ ಮಗುವಿಗೆ ಬೂಟು ಹಾಕಿಸಿ ಮನೆಯಿಂದ ಹೊರಡಿಸೋದು ಎಷ್ಟು ಕಷ್ಟ ಅಂತ ಮಕ್ಕಳಿರುವವರಿಗೆ ಗೊತ್ತು. ಆ ಕೆಲಸವನ್ನು ಒಂದು ಮರದ ಗೊಂಬೆ ಮಾಡಿಕೊಟ್ಟರೆ ಐದಾರು ಪೌಂಡ್ ಕೊಡೋಣ ಬಿಡಿ. ನನ್ನ ತಕರಾರು ಬೇರೆ. ಕಾದಂಬರಿಯೊಂದು ಸಿನಿಮಾ ಆದರೆ ನಾವು ಕೂತು ವಿಮರ್ಶೆ ಮಾಡುತ್ತೇವೆ. ಇವರಿಗೆ ಪುಸ್ತಕ ಅರ್ಥ ಆಗಿದೆಯಾ, ಯಾವುದನ್ನು ಬಿಟ್ಟರು, ಯಾವುದನ್ನು ಕೆಡಿಸಿದರು ಅಂತ ಗಂಟೆಗಟ್ಟಲೆ ಮಾತಾಡುತ್ತೇವೆ. ಪುಸ್ತಕವೊಂದು ಪಿಕ್‌ನಿಕ್ ಆದಾಗ ಮಾತ್ರ ಯಾಕೆ ಸುಮ್ಮನಿರಬೇಕು? ಅದೂ ಒಂದು ಓದೇ ಅಲ್ವಾ? ಕಾಲಿನಿಂದ ಮಾಡುವ ಓದು. ಅದು ಒಳ್ಳೆಯ ಓದೋ ಕೆಟ್ಟ ಓದೋ ಅಂತ ಕೇಳಬಹುದು.

ನಾನಿಲ್ಲಿ ಕೇಳುತ್ತಿರುವುದು ವಿನ್ನಿ ದ ಪೂ ಬಗ್ಗೆ. ನಮ್ಮ ಮನೆ ಇರುವುದು ಲಂಡನ್ನಿನ ದಕ್ಷಿಣಕ್ಕೆ, ಕ್ರಾಯ್ಡನ್ನಿನಲ್ಲಿ. ಅಲ್ಲಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ ಹೋದರೆ ಸಸೆಕ್ಸಿನ ಆಶ್‌ಡೌನ್ ಫಾರೆಸ್ಟ್. ಪೂ ಮತ್ತವನ ಬಳಗ ವಾಸ ಮಾಡುವ 'ನೂರು ಎಕರೆ ಕಾಡು' ಅದೇ. ಬೆಂಗಳೂರಿನಿಂದ ಯಾರು ಬಂದರೂ, ಜೊತೆಗೆ ಮಕ್ಕಳಿದ್ದರೆ, ಲಂಡನ್ ಐ ಆದಮೇಲೆ ಎರಡನೇ ವಾರ ಅಲ್ಲಿಗೆ ಕರಕೊಂಡು ಹೋಗೋದು ನಮ್ಮ ಮನೆಯ ಪದ್ಧತಿ ಆಗಿಬಿಟ್ಟಿದೆ. ಹಾಗಾಗಿ ಈ ಕಾಡನ್ನು ಬೇರೆ ಬೇರೆಯವರ ಕಣ್ಣಲ್ಲಿ ನೋಡುವ ಯೋಗ ನನ್ನದು.

ಪೂ ಅಂದರೆ ನಿಮಗೆ ನೆನಪಾಗುವುದು ಬಹುಶಃ ಕೆಂಪು ಶರಟು ಹಾಕಿಕೊಂಡ, ಚಡ್ಡಿ ಹಾಕಿಕೊಳ್ಳದ ಹಳದಿ ಕರಡಿ. ಅದು ಡಿಸ್ನಿಯ ಕರಡಿ. ಪುಸ್ತಕದ ಕರಡಿ ಅದಕ್ಕಿಂತ ಹಳೆಯದು, ಸ್ವಲ್ಪ ಮಂಕು, ಹೆಚ್ಚಾಗಿ ಮೈಮೇಲೆ ಏನೂ ಇಲ್ಲದ್ದು. ಎ. ಎ. ಮಿಲ್ನ್ ಅನ್ನುವ ಲೇಖಕರು, 'ಪಂಚ್' ಪತ್ರಿಕೆಯಲ್ಲಿ ಹಾಸ್ಯ ಬರೆದು, ನಾಟಕ ಬರೆದು ಹೆಸರು ಮಾಡಿದ್ದವರು, 1925ರಲ್ಲಿ ಹಾರ್ಟ್‌ಫೀಲ್ಡ್ ಎಂಬ ಹಳ್ಳಿಯ ಪಕ್ಕ ಕಾಚ್‌ಫರ್ಡ್ ಫಾರ್ಮ್ ಅನ್ನೋ ಮನೆ ಕೊಂಡರು. ಅವರ ಒಬ್ಬನೇ ಮಗ ಕ್ರಿಸ್ಟೋಫರ್ ರಾಬಿನ್, 1920ರಲ್ಲಿ ಹುಟ್ಟಿದವನು. ಅವನ ಆಟಿಕೆ ಕರಡಿ, ಹಂದಿಮರಿ, ಕತ್ತೆಗಳಿಗೆ ಅಪ್ಪ ಮಾತು ಕೊಟ್ಟು 1926ರಲ್ಲಿ ಮೊದಲ ಪುಸ್ತಕ, 1928ರಲ್ಲಿ ಎರಡನೆಯದು ಬರೆದರು. ಕತೆ ಪುಸ್ತಕಗಳು ಅಷ್ಟೇ, ಎರಡು. ಜೊತೆಗೆ ಎರಡು ಪದ್ಯದ ಪುಸ್ತಕಗಳಿವೆ. ನೂರು ವರ್ಷದ ಉದ್ಯಮ ನಿಂತಿರುವುದು ಇಷ್ಟರ ಮೇಲೆ.

ಕಾಡಿಗೆ ಬರೋಣ. ಮೊದಲನೆಯ ವಿಷಯ, ಅದು ನಮ್ಮ ಅರ್ಥದ ಕಾಡೇ ಅಲ್ಲ. 'ಫಾರೆಸ್ಟ್' ಅನ್ನೋದು ಇಲ್ಲಿ ಹಳೇ ಕಾಲದಲ್ಲಿ ರಾಜರು ಜಿಂಕೆ ಬೇಟೆಗೆ ಕಾದಿಟ್ಟ ಜಾಗಕ್ಕೆ ಇದ್ದ ಹೆಸರು. ಆರು ಸಾವಿರ ಎಕರೆಗೂ ಹೆಚ್ಚಿರುವ ಈ ಜಾಗದ ಬಹುಪಾಲು ಬಯಲು, ಕುರುಚಲು. ಮೊಣಕಾಲೆತ್ತರದ ಹೀದರ್ ಗಿಡ, ಮುಳ್ಳಿನ ಗಾರ್ಸ್ ಪೊದೆ, ಅಲ್ಲಲ್ಲಿ ಗುಂಪಾಗಿ ನಿಂತ ಪೈನ್ ಮರ. ಆಗಸ್ಟಿನಲ್ಲಿ ಹೀದರ್ ನೇರಳೆ ಹೂ ಬಿಟ್ಟಾಗ ಚೆಂದ. ಉಳಿದಂತೆ ಕಂದು, ಗಾಳಿ, ಕೆಸರು. 'ಐನೂರು ಎಕರೆ ಕಾಡು' ಅಂತ ನಿಜವಾಗಿಯೂ ಒಂದು ಮರಗಾಡು ಪಕ್ಕದಲ್ಲಿದೆ, ಖಾಸಗಿ ಎಸ್ಟೇಟಿಗೆ ಸೇರಿದ್ದು. ಮಿಲ್ನ್ ಅದರಿಂದ ನಾನೂರು ಎಕರೆ ಕಳೆದರು.

ನಮ್ಮ ಭಾವ ಬಂದಿದ್ದಾಗ ಗಿಲ್ಸ್ ಲ್ಯಾಪ್ ಎಂಬ ಎತ್ತರದ ಜಾಗದಲ್ಲಿ ಕಾರು ನಿಲ್ಲಿಸಿ ಹತ್ತು ನಿಮಿಷ ನಡೆದೆವು. ಪುಸ್ತಕದ ಕೊನೆಯ ಕತೆ ನಡೆಯುವ 'ಗ್ಯಾಲಿಯನ್ಸ್ ಲ್ಯಾಪ್' ಇದೇ. ಒಂದು ಕಲ್ಲಿನ ಮೇಲೆ ಮಿಲ್ನ್ ಮತ್ತು ಚಿತ್ರಕಾರ ಶೆಪರ್ಡ್ ಇಬ್ಬರ ನೆನಪಿಗೆ ಒಂದು ಫಲಕ ಇದೆ. ಹತ್ತಿರದಲ್ಲಿ ರೂ ಆಡಿದ ಮರಳುಗುಳಿ ಅಂತ ಒಂದು ಹಳ್ಳ. ಒಂಟಿ ಪೈನ್ ಮರದ ಕೆಳಗೆ ಹೆಫಲಂಪ್ ಹಿಡಿಯಲು ಗುಂಡಿ ತೋಡಿದ ಜಾಗ. ಭಾವ ಸುತ್ತ ನೋಡಿದರು. ಫೋನ್ ತೆಗೆದವರು ಹಾಗೇ ಜೇಬಿಗೆ ಹಾಕಿಕೊಂಡರು. "ಇಲ್ಲಿ ನೋಡೋಕೆ ಏನಿದೆಯೋ? ಇಷ್ಟು ದೂರ ಬಂದು ಪೊದೆ ನೋಡೋದಾ? ನಮ್ಮ ಸಕಲೇಶಪುರ ಇದರ ಹತ್ತರಷ್ಟು ಚೆನ್ನಾಗಿದೆ ಕಣೋ" ಅಂದರು. ಅಕ್ಕ ಅಷ್ಟರಲ್ಲಿ ಪುಳಿಯೋಗರೆ ಡಬ್ಬಿ ತೆಗೆದಿದ್ದರಿಂದ ಮಾತು ಅಲ್ಲಿಗೆ ನಿಂತಿತು.

ಭಾವ ಹೇಳಿದ್ದು ಸರಿ. ನೋಡೋಕೆ ಏನೂ ಇಲ್ಲ. ಆದರೆ ಪುಸ್ತಕ ಹೇಳುವುದೂ ಅದನ್ನೇ ಅಲ್ವಾ?

ಪೂ ಕತೆಗಳಲ್ಲಿ ಅರ್ಧಕ್ಕರ್ಧ ಔಟಿಂಗ್ ಕತೆಗಳು. ಒಂದರಲ್ಲಿ ಎಲ್ಲರೂ ಸಾಲಾಗಿ ಉತ್ತರ ಧ್ರುವ ಹುಡುಕಲು ಹೊರಡುತ್ತಾರೆ. ಧ್ರುವ ಅಂದರೆ ಏನು, ಹೇಗಿರುತ್ತದೆ ಅಂತ ಒಬ್ಬರಿಗೂ ಗೊತ್ತಿಲ್ಲ, ಕರಕೊಂಡು ಹೊರಟ ಕ್ರಿಸ್ಟೋಫರ್ ರಾಬಿನ್‌ಗೂ ಗೊತ್ತಿಲ್ಲ. ಸ್ವಲ್ಪ ದೂರ ಹೋಗಿ, ಕಟ್ಟಿಕೊಂಡು ಬಂದ ತಿಂಡಿ ತಿಂದು ಮುಗಿಸುತ್ತಾರೆ. ಪುಟ್ಟ ರೂ ನೀರಿಗೆ ಬೀಳುತ್ತದೆ. ಪೂ ಒಂದು ಉದ್ದನೆ ಕೋಲು ತಂದು ಅಡ್ಡ ಹಿಡಿದು ಮೇಲೆ ಎತ್ತಿಸುತ್ತಾನೆ. ಇಂಗ್ಲಿಷಿನಲ್ಲಿ ಕೋಲಿಗೂ ಧ್ರುವಕ್ಕೂ 'ಪೋಲ್' ಅನ್ನುವುದು ಒಂದೇ ಪದ. ಸರಿ, ಧ್ರುವ ಸಿಕ್ಕಿತು ಅಂತ ಆ ಕೋಲನ್ನು ನೆಲಕ್ಕೆ ನೆಟ್ಟು, ಪೂ ಕಂಡುಹಿಡಿದ ಧ್ರುವ ಅಂತ ಚೀಟಿ ಕಟ್ಟಿ, ಎಲ್ಲರೂ ಮನೆಗೆ ಹೋಗುತ್ತಾರೆ. ಹೊರಟಾಗ ಅಲ್ಲಿ ಧ್ರುವ ಇರಲಿಲ್ಲ. ಹೋದವರು ಹೆಸರಿಟ್ಟರು, ಅದಾಯಿತು.

ಇನ್ನೊಂದು ಕತೆಯಂತೂ ಈ ಟ್ರೇಲ್ ಮಾಡುವವರೆಲ್ಲ ಗೋಡೆಗೆ ಅಂಟಿಸಿಕೊಳ್ಳಬೇಕಾದದ್ದು. ಹಿಮ ಬಿದ್ದ ದಿನ ಪೂ ಒಂದು ಮರದ ಗುಂಪಿನ ಸುತ್ತ ಹೆಜ್ಜೆ ಗುರುತು ಹಿಡಿದು ಹೋಗುತ್ತಿದ್ದಾನೆ. ಪಿಗ್ಲೆಟ್ ಜೊತೆ ಸೇರಿಕೊಳ್ಳುತ್ತದೆ. ಇದು ವೂಝಲ್ ಎಂಬ ಪ್ರಾಣಿ ಇರಬೇಕು ಅಂತ ತೀರ್ಮಾನ. ಒಂದು ಸುತ್ತು ಬರುವಷ್ಟರಲ್ಲಿ ಇನ್ನೊಂದು ಹೆಜ್ಜೆ ಸಾಲು ಸೇರಿಕೊಂಡಿದೆ. ಮತ್ತೊಂದು ಸುತ್ತಿಗೆ ಇನ್ನೂ ಹೆಚ್ಚು. ಪಿಗ್ಲೆಟ್‌ಗೆ ಹೆದರಿಕೆ ಶುರುವಾಗಿ, ಮನೆಯಲ್ಲಿ ಏನೋ ಕೆಲಸ ಇದೆ ಅಂತ ಜಾರಿಕೊಳ್ಳುತ್ತದೆ. ಮರದ ಮೇಲೆ ಕೂತು ನೋಡುತ್ತಿದ್ದ ಕ್ರಿಸ್ಟೋಫರ್ ರಾಬಿನ್ ಹೇಳಿದ ಮೇಲೆ ಪೂಗೆ ಗೊತ್ತಾಗುತ್ತದೆ, ತಾನು ಬೆನ್ನು ಹತ್ತಿದ್ದು ತನ್ನದೇ ಹೆಜ್ಜೆಗಳನ್ನು.

ಟ್ರೇಲ್ ಅನ್ನೋದು ಇದೇ ಕತೆ, ಆದರೆ ಮರದ ಮೇಲೆ ಕೂತು ಹೇಳುವವರಿಲ್ಲ. ನಿಮಗಿಂತ ಮುಂಚೆ ನಡೆದ ಸಾವಿರ ಸಂಸಾರಗಳ ಹೆಜ್ಜೆ ಮೇಲೆ ನೀವು ನಡೆಯುತ್ತೀರಿ. ಒಂದನೇ ಬೋರ್ಡು, ಎರಡನೇ ಬೋರ್ಡು. ಮಕ್ಕಳು ಬೋರ್ಡಿನಿಂದ ಬೋರ್ಡಿಗೆ ಓಡುತ್ತಾರೆ, ನಡುವೆ ಇರುವ ಕಾಡು ಅವರ ಮಟ್ಟಿಗೆ ಇಲ್ಲ. ಒಂದು ತೋಟದಲ್ಲಿ, ಹೆಸರು ಬೇಡ, ನನ್ನ ಮಗಳು ಏಳನೇ ಬೋರ್ಡು ಸಿಗದೆ ಅತ್ತಳು. ಅವಳ ಪಕ್ಕದಲ್ಲೇ ಒಂದು ಕಪ್ಪೆ ಕೂತಿತ್ತು. ಹಾಳೆಯಲ್ಲಿ ಕಪ್ಪೆಗೆ ಖಾನೆ ಇರಲಿಲ್ಲ. ಆಫೀಸಿನಲ್ಲಿ ನಾವು ವಾರವಿಡೀ ಮಾಡೋದು ಇದನ್ನೇ: ಟಾಸ್ಕು, ಟಿಕ್ಕು, ಮುಂದಿನ ಟಾಸ್ಕು. ಶನಿವಾರವೂ ಮಗುವಿನ ಕೈಗೆ ಒಂದು ಶೀಟ್ ಕೊಟ್ಟು ಕ್ಲೋಸ್ ಮಾಡಿಕೊಂಡು ಬಾ ಅನ್ನುತ್ತಿದ್ದೇವೆ.

ಹಾಗಂತ ಎಲ್ಲ ಟ್ರೇಲೂ ಕೆಟ್ಟ ಓದು ಅಂತಲ್ಲ. ಗ್ರಫಲೋ ವಿಷಯದಲ್ಲಿ ನಾನು ಟ್ರೇಲ್ ಪರ. ಜೂಲಿಯಾ ಡೊನಾಲ್ಡ್‌ಸನ್ ಬರೆದು 1999ರಲ್ಲಿ ಬಂದ ಆ ಕತೆಯಲ್ಲಿ ಇಲಿಯೊಂದು ತನ್ನನ್ನು ತಿನ್ನಲು ಬಂದ ನರಿ, ಗೂಬೆ, ಹಾವುಗಳನ್ನು ಹೆದರಿಸಲು ಗ್ರಫಲೋ ಎಂಬ ಭಯಂಕರ ಪ್ರಾಣಿಯ ಹೆಸರು ಹೇಳುತ್ತದೆ. ಅಂಥ ಪ್ರಾಣಿ ಇಲ್ಲ ಅಂತ ಇಲಿಗೆ ಗೊತ್ತು, ಕತೆ ಕೇಳುವ ಮಗುವಿಗೂ ಗೊತ್ತು. ಪುಟ ತಿರುಗಿಸಿದರೆ ಗ್ರಫಲೋ ಎದುರಿಗೇ ನಿಂತಿದೆ! ಬಾಯಲ್ಲಿ ಹುಟ್ಟಿದ್ದು ದಾರಿಯಲ್ಲಿ ಅಡ್ಡ ನಿಲ್ಲುವುದೇ ಆ ಕತೆಯ ಜೀವ. ಕಾಡುದಾರಿಯ ತಿರುವಿನಲ್ಲಿ ಆಳೆತ್ತರದ ಮರದ ಗ್ರಫಲೋ ಧುತ್ತೆಂದು ಸಿಕ್ಕಾಗ ಮಗುವಿಗೆ ಆಗುವುದು ಇಲಿಗೆ ಆದದ್ದೇ. ಅಲ್ಲಿ ಶಿಲ್ಪ ಮಾಡಿದವರು ಪುಸ್ತಕವನ್ನು ಸರಿಯಾಗಿ ಓದಿದ್ದಾರೆ.

ಪೂ ಕತೆಗೆ ಅದೇ ಉಪಾಯ ಮಾಡಿದರೆ ಎಲ್ಲ ಹಾಳು. ಅಲ್ಲಿ ವೂಝಲ್ ಬರುವುದಿಲ್ಲ, ಹೆಫಲಂಪ್ ಗುಂಡಿಗೆ ಬೀಳುವುದಿಲ್ಲ. ಕಾಯುವುದು, ತಪ್ಪು ತಿಳಿಯುವುದು, ಮಧ್ಯೆ ಹಸಿವಾಗುವುದು ಇವೇ ಕತೆ. ಹೆಫಲಂಪ್ ಪ್ರತಿಮೆ ಮಾಡಿ ನಿಲ್ಲಿಸಿದ ದಿನ ಹೆಫಲಂಪ್ ಸತ್ತಂತೆ. ಆಶ್‌ಡೌನ್ ಕಾಡನ್ನು ನೋಡಿಕೊಳ್ಳುವವರು ಪುಣ್ಯಕ್ಕೆ ಅದನ್ನು ಮಾಡಿಲ್ಲ. ಪೂ ನಡಿಗೆ ಅಂತ ಒಂದು ಸಾದಾ ಕರಪತ್ರ ಸಿಗುತ್ತದೆ, ನಕ್ಷೆ ಇದೆ, ಅಷ್ಟೇ. ಅವರ ಕಾರಣ ಸಾಹಿತ್ಯ ಅಲ್ಲದೇ ಇರಬಹುದು. ನೆಲದ ಮೇಲೋ ನೆಲಕ್ಕೆ ಹತ್ತಿರವೋ ಗೂಡು ಕಟ್ಟುವ ನೈಟ್‌ಜಾರ್, ಡಾರ್ಟ್‌ಫರ್ಡ್ ವಾರ್ಬ್ಲರ್ ಹಕ್ಕಿಗಳಿಗಾಗಿ ಈ ಬಯಲಿಗೆ ಕಾನೂನಿನ ರಕ್ಷಣೆ ಇದೆ. ಜನ ಹೆಚ್ಚಾದಷ್ಟೂ, ಅವರ ನಾಯಿಗಳು ಹೆಚ್ಚಾದಷ್ಟೂ ಹಕ್ಕಿಗೆ ತೊಂದರೆ. ಕಾರಣ ಏನೇ ಇರಲಿ, ಇಲ್ಲಿ ಹಕ್ಕಿಯ ಹಿತವೂ ಪುಸ್ತಕದ ಹಿತವೂ ಒಂದೇ ಆಗಿದೆ.

ಇಲ್ಲಿಗೆ ಬಂದವರು ಗುರುತು ಹಿಡಿಯುವುದು ನಿಜವಾಗಿ ಏನನ್ನು ಅನ್ನೋದೂ ಒಂದು ಸ್ವಾರಸ್ಯ. ಮಿಲ್ನ್ ಬರಹದಲ್ಲಿ ಕಾಡಿನ ವರ್ಣನೆ ಬಹಳ ಕಡಿಮೆ. ನಮ್ಮ ತಲೆಯಲ್ಲಿರುವ ಕಾಡು ಇ. ಎಚ್. ಶೆಪರ್ಡ್ ಗೀಚಿದ ನಾಲ್ಕು ಗೆರೆ: ಗುಡ್ಡದ ಮೇಲೆ ಪೈನ್ ಮರಗಳು, ಗಾಳಿಗೆ ಬಾಗಿದ ಹುಲ್ಲು. ಶೆಪರ್ಡ್ ಈ ಜಾಗಕ್ಕೆ ಬಂದು ನೋಡಿಯೇ ಬರೆದರು. ಆದರೆ ಕರಡಿಯನ್ನು ಮಾತ್ರ ಕ್ರಿಸ್ಟೋಫರನ ಕರಡಿ ನೋಡಿ ಬರೆಯಲಿಲ್ಲ. ತಮ್ಮ ಸ್ವಂತ ಮಗನ ಗ್ರೌಲರ್ ಎಂಬ ಕರಡಿಯನ್ನು ಮಾದರಿ ಮಾಡಿಕೊಂಡರು. ಅಂದರೆ ಲೋಕವೇ ಪ್ರೀತಿಸುವ ಆ ಗುಂಡು ಹೊಟ್ಟೆ ಬೇರೆ ಮನೆಯ ಕರಡಿಯದ್ದು. ಇನ್ನು ಕ್ರಿಸ್ಟೋಫರನ ಅಸಲಿ ಆಟಿಕೆಗಳು ಇರುವುದು ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಗಾಜಿನ ಪೆಟ್ಟಿಗೆಯಲ್ಲಿ. 1998ರಲ್ಲಿ ಬ್ರಿಟಿಷ್ ಸಂಸದೆಯೊಬ್ಬರು ಅವನ್ನು ವಾಪಸ್ ಕೊಡಿ ಅಂತ ಕೇಳಿದ್ದರು, ಅಮೆರಿಕದವರು ಕೊಡಲಿಲ್ಲ. ರೂ ಮಾತ್ರ ಅಲ್ಲೂ ಇಲ್ಲ. ಅದು ಎಷ್ಟೋ ಹಿಂದೆಯೇ ಸಸೆಕ್ಸಿನ ಸೇಬಿನ ತೋಟದಲ್ಲಿ ಕಳೆದುಹೋಯಿತು.

ನಮ್ಮಲ್ಲೂ ಇಂಥದ್ದೊಂದು ಉಂಟು. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲು ದಾರಿಯ ಅರಸಾಳು ಸ್ಟೇಷನ್ನಿನಲ್ಲಿ 2020ರಿಂದ ಮಾಲ್ಗುಡಿ ಮ್ಯೂಸಿಯಂ ಇದೆ. ಜನ ಮಕ್ಕಳನ್ನು ಕರಕೊಂಡು ಹೋಗಿ, ಸ್ವಾಮಿ ಓಡಾಡಿದ ಜಾಗ ಅಂತ ತೋರಿಸುತ್ತಾರೆ. ಆರ್. ಕೆ. ನಾರಾಯಣ್ ಬರೆದ ಮಾಲ್ಗುಡಿ ಯಾವ ನಕ್ಷೆಯಲ್ಲೂ ಇಲ್ಲ. ಅರಸಾಳು ಶಂಕರ್‌ನಾಗ್ ಅವರ ಕ್ಯಾಮೆರಾ ಕಂಡ ಮಾಲ್ಗುಡಿ. ನಾವು ನೋಡಲು ಹೋಗುವುದು ಪುಸ್ತಕವನ್ನಲ್ಲ, ಪುಸ್ತಕದ ಒಂದು ಓದನ್ನು. ಆ ಓದು ಶೆಪರ್ಡ್ ಅವರದ್ದರ ಹಾಗೆ, ಶಂಕರ್ ಅವರದ್ದರ ಹಾಗೆ ಚೆನ್ನಾಗಿದ್ದರೆ ನನಗೆ ತಕರಾರಿಲ್ಲ.

ಆಶ್‌ಡೌನಿನಲ್ಲಿ ಜನ ನಿಜವಾಗಿ ಸೇರುವುದು ಗಿಲ್ಸ್ ಲ್ಯಾಪಿನಲ್ಲಲ್ಲ, ಹಾರ್ಟ್‌ಫೀಲ್ಡ್ ಕಡೆಯ ಒಂದು ಮರದ ಸೇತುವೆಯಲ್ಲಿ. ಕಾರು ನಿಲ್ಲಿಸಿ ಮರಗಳ ನಡುವೆ ಇಳಿಜಾರಿನಲ್ಲಿ ಕೆಸರು ತುಳಿದುಕೊಂಡು ಹೋಗಬೇಕು. ಸೇತುವೆ ಅಂದರೆ ದೊಡ್ಡದೇನಲ್ಲ, ಕೆಳಗೆ ಹರಿಯುವುದು ಮಲೆನಾಡಿನಲ್ಲಾದರೆ ಹೆಸರಿಡದೆ ಬಿಡುವಂಥ ಒಂದು ತೊರೆ. ಆಟ ಹೀಗೆ: ಸೇತುವೆಯ ಒಂದು ಬದಿಯಲ್ಲಿ ನಿಂತು, ನೀರು ಬರುವ ಕಡೆ, ಎಲ್ಲರೂ ಒಟ್ಟಿಗೆ ಒಂದೊಂದು ಕಡ್ಡಿ ಬಿಡಬೇಕು. ಓಡಿ ಇನ್ನೊಂದು ಬದಿಗೆ ಬಂದು ಬಗ್ಗಿ ನೋಡಬೇಕು. ಯಾರ ಕಡ್ಡಿ ಮೊದಲು ಬಂತೋ ಅವರು ಗೆದ್ದರು. ಪುಸ್ತಕದಲ್ಲಿ ಪೂ ಇದನ್ನು ಕಂಡುಹಿಡಿಯುವುದು ಎಡವಿ. ಪೈನ್ ಕಾಯಿಯೊಂದಕ್ಕೆ ಪದ್ಯ ಕಟ್ಟುತ್ತಾ ಬರುವಾಗ ಕಾಲು ತಪ್ಪಿ, ಕಾಯಿ ನೀರಿಗೆ ಬೀಳುತ್ತದೆ. ಅಯ್ಯೋ ಅಂತ ಸುಮ್ಮನೆ ನೀರು ನೋಡುತ್ತಾ ಮಲಗುತ್ತಾನೆ, ಅಷ್ಟರಲ್ಲಿ ಅದು ಸೇತುವೆಯ ಈಚೆಯಿಂದ ಹೊರಗೆ ಬರುತ್ತದೆ.

ಈ ಆಟಕ್ಕೆ 'ಪೂಸ್ಟಿಕ್ಸ್' ಅಂತ ಹೆಸರು. 1984ರಿಂದ ಆಕ್ಸ್‌ಫರ್ಡ್‌ಶೈರಿನಲ್ಲಿ ಥೇಮ್ಸ್ ನದಿಯ ಮೇಲೆ ಇದರ ವಿಶ್ವ ಚಾಂಪಿಯನ್‌ಶಿಪ್ ಶುರುವಾಯಿತು. ಬ್ರಿಟಿಷರು ಇಂಥದ್ದನ್ನು ಬಹಳ ಗಂಭೀರವಾಗಿ ಮಾಡುತ್ತಾರೆ. ಹಾರ್ಟ್‌ಫೀಲ್ಡಿನ ಸೇತುವೆ ಸುತ್ತ ಒಂದು ಕಡ್ಡಿಯೂ ಸಿಗುವುದಿಲ್ಲ, ಬಂದವರೆಲ್ಲ ಆರಿಸಿ ಆರಿಸಿ ಖಾಲಿ. ಕಾರ್ ಪಾರ್ಕಿನಿಂದ ಇಳಿಯುವಾಗಲೇ ಕೂಡಿಸಿಕೊಂಡು ಬರಬೇಕು.

ಭಾವನ ಮಗ, ಆರು ವರ್ಷದವನು, ಪೂನನ್ನು ನೋಡಿದ್ದು ಟೀವಿಯಲ್ಲಿ ಮಾತ್ರ. ಕಾರಿನಲ್ಲಿ ದಾರಿಯುದ್ದಕ್ಕೂ "ಮಾವಾ, ಪೂ ಮನೆ ಬಂತಾ?" ಅಂತ ಕೇಳುತ್ತಾ ಬಂದು, ಗಿಲ್ಸ್ ಲ್ಯಾಪಿನಲ್ಲಿ ಮುಖ ಊದಿಸಿಕೊಂಡಿದ್ದ. ಸೇತುವೆ ಮೇಲೆ ಮೊದಲ ಕಡ್ಡಿ ಬಿಟ್ಟಮೇಲೆ ಅವನು ಪೂ ಹೆಸರು ಎತ್ತಲಿಲ್ಲ. ಮುಕ್ಕಾಲು ಗಂಟೆ ಆಯಿತು. ಭಾವನೂ ಬಿಡಲಿಲ್ಲ, ಕಡ್ಡಿ ದಪ್ಪ ಇರಬೇಕೋ ತೆಳ್ಳಗಿರಬೇಕೋ ಅಂತ ನನ್ನ ಜೊತೆ ವಾದಕ್ಕೆ ನಿಂತರು. ಹಿಂದೆ ಒಂದು ಜಪಾನಿ ಸಂಸಾರ, ಅವರ ಹಿಂದೆ ಊರುಗೋಲು ಹಿಡಿದ ಅಜ್ಜಿಯೊಬ್ಬರು ಸರದಿ ಕಾಯುತ್ತಿದ್ದರು. ಇವರ್ಯಾರಿಗೂ ಪುಸ್ತಕ ಗೊತ್ತಿರಲೇಬೇಕು ಅಂತಿಲ್ಲ. ಕಡ್ಡಿ ಯಾವ ಗೊಂಬೆಯ ಹಾಗೂ ಇಲ್ಲ, ನೀರು ಯಾರ ಕತೆಯನ್ನೂ ಹೇಳುವುದಿಲ್ಲ. ಆದರೂ ಇಡೀ ಕಾಡಿನಲ್ಲಿ ಪುಸ್ತಕ ಬದುಕಿರುವುದು ಇಲ್ಲೇ ಅಂತ ನನ್ನ ಅಭಿಪ್ರಾಯ. ಪುಸ್ತಕದವರು ಮಾಡಿದ್ದನ್ನು ನಾವು ನೋಡುತ್ತಿಲ್ಲ, ಮಾಡುತ್ತಿದ್ದೇವೆ.

ಈಗಿರುವ ಸೇತುವೆ ಹಳೆಯದಲ್ಲ. ಸುಮಾರು 1907ರಲ್ಲಿ ಕಟ್ಟಿದ್ದು 1970ರ ದಶಕದ ಹೊತ್ತಿಗೆ ಹದಗೆಟ್ಟು, 1979ರಲ್ಲಿ ಹೊಸದು ಮಾಡಿದರು. 1999ರಲ್ಲಿ ಮತ್ತೆ ಕಟ್ಟಿದರು, ಆಗ ಡಿಸ್ನಿಯೂ ದುಡ್ಡು ಕೊಟ್ಟಿತು. ಹಳೇ ಸೇತುವೆಯ ಮರಗಳನ್ನು ಜೋಡಿಸಿ 2021ರಲ್ಲಿ ಹರಾಜು ಹಾಕಿದಾಗ ಬಂದದ್ದು 1 ಲಕ್ಷ 31 ಸಾವಿರ ಪೌಂಡಿಗೂ ಹೆಚ್ಚು. ಕೊಂಡವರು ಪಕ್ಕದ ಎಸ್ಟೇಟಿನ ಒಡೆಯರೇ. 1979ರಲ್ಲಿ ಆ ಹೊಸ ಸೇತುವೆಯನ್ನು ಉದ್ಘಾಟನೆ ಮಾಡಲು ಬಂದವರು ಕ್ರಿಸ್ಟೋಫರ್ ಮಿಲ್ನ್, ಪುಸ್ತಕದ ಕ್ರಿಸ್ಟೋಫರ್ ರಾಬಿನ್. ಆಗ ಅವರಿಗೆ 58 ವರ್ಷ.

ಅವರ ಬಗ್ಗೆ ಹೇಳದೆ ಈ ಔಟಿಂಗುಗಳ ಬಗ್ಗೆ ಮಾತು ಮುಗಿಸುವುದು ನ್ಯಾಯ ಅಲ್ಲ. 1974ರಲ್ಲಿ ಅವರು ಬಾಲ್ಯದ ಬಗ್ಗೆ 'ದಿ ಎನ್‌ಚಾಂಟೆಡ್ ಪ್ಲೇಸಸ್' ಎಂಬ ಪುಸ್ತಕ ಬರೆದರು. ಪೂ ಇಷ್ಟಪಡುವವರು ಓದಲೇಬೇಕಾದ್ದು, ಆದರೆ ಗಿಫ್ಟ್ ಶಾಪಿನ ಮುಂದಿನ ಸಾಲಿನಲ್ಲಿ ಇಡುವಂಥದ್ದಲ್ಲ. ಅದರಲ್ಲಿ ಕಾಣುವ ಅಪ್ಪ ಮಕ್ಕಳ ಜೊತೆ ಸಲೀಸಾಗಿ ಬೆರೆಯುವ ಮನುಷ್ಯ ಅಲ್ಲ. ಮಗು ಬೆಳೆದದ್ದು ಹೆಚ್ಚಾಗಿ ದಾದಿಯ ಕೈಯಲ್ಲಿ. ನೆಲದ ಮೇಲೆ ಕೂತು ಆಡಲಾಗದ ಅಪ್ಪ ಬರಹದಲ್ಲಿ ಆಡಿದರು. ಆ ಬರಹ ಲೋಕಕ್ಕೆಲ್ಲ ಹೋಯಿತು. ಹುಡುಗ ಬೋರ್ಡಿಂಗ್ ಸ್ಕೂಲಿಗೆ ಹೋದಮೇಲೆ ಜೊತೆಯ ಹುಡುಗರು, ಅವನ ಹೆಸರಿದ್ದ ಪದ್ಯದ ಗ್ರಾಮಫೋನ್ ರೆಕಾರ್ಡನ್ನು ಬೇಕೆಂದೇ ಹಾಕಿ ಹಾಕಿ ಕಾಡಿಸಿದರು. ಕೊನೆಗೊಮ್ಮೆ ಆ ರೆಕಾರ್ಡ್ ಕೈಗೆ ಸಿಕ್ಕಾಗ ಒಡೆದು ಚೂರು ಚೂರು ಮಾಡಿದ. ಯುದ್ಧ ಮುಗಿಸಿ ಬಂದು ಕೆಲಸ ಹುಡುಕುವ ಕಾಲಕ್ಕೆ, ತನ್ನ ಹೆಸರಿನಿಂದ ಅಪ್ಪ ದೊಡ್ಡವನಾದ, ತನಗೆ ಉಳಿದದ್ದು ಆ ಹೆಸರಿನ ಹೊರೆ ಅನ್ನೋ ಕಹಿ ಹತ್ತಿಕೊಂಡಿತ್ತು. 1951ರಲ್ಲಿ ಡಾರ್ಟ್‌ಮತ್ ಎಂಬ ಬಂದರು ಊರಿನಲ್ಲಿ ಹೆಂಡತಿ ಜೊತೆ ಪುಸ್ತಕದ ಅಂಗಡಿ ತೆರೆದರು. ಅಲ್ಲಿಗೂ ಜನ ಪೂ ಪುಸ್ತಕ ಹಿಡಿದುಕೊಂಡು ಬಂದೇ ಬರುತ್ತಿದ್ದರು.

ಈಗ ಸೇತುವೆ ಹತ್ತಿರ ಬೇಸಿಗೆಯ ಒಂದು ಶನಿವಾರ ಅರ್ಧ ಗಂಟೆ ನಿಂತು ನೋಡಿ. ತೂಕವಿಲ್ಲದ ಹತ್ತಿ ಅಂಗಿ, ಮಂಡಿ ತನಕ ಚಡ್ಡಿ, ವೆಲ್ಲಿಂಗ್ಟನ್ ಬೂಟು ಹಾಕಿಸಿ, ಕೈಗೊಂದು ಕರಡಿ ಕೊಟ್ಟು ಮಗುವನ್ನು ನಿಲ್ಲಿಸಿರುತ್ತಾರೆ. ಪ್ರತಿಯೊಬ್ಬರ ಮಗುವೂ ಕ್ರಿಸ್ಟೋಫರ್ ರಾಬಿನ್. "ಈ ಕಡೆ ನೋಡಬೇಡ, ನೀರು ನೋಡು, ನೀರು ನೋಡ್ತಾ ಇರೋ ಹಾಗೆ ನಿಂತ್ಕೋ." ಮಗು ನೀರು ನೋಡುತ್ತಿರುವ ಹಾಗೆ ನಿಲ್ಲುತ್ತದೆ. ಕ್ಲಿಕ್. ಪಾಪ, ನೀರು ನೋಡೋಕೆ ಅದಕ್ಕೆ ಬಿಡುವೇ ಸಿಗುವುದಿಲ್ಲ.

ಇದು ಕೆಟ್ಟ ಓದು. ನನ್ನ ಪಟ್ಟಿಯಲ್ಲಿ ಡಿಸ್ನಿಯ ಕೆಂಪು ಶರಟಿಗಿಂತ, ಹತ್ತು ಬೋರ್ಡಿನ ಟ್ರೇಲಿಗಿಂತ ಕೆಟ್ಟದ್ದು. ಡಿಸ್ನಿ ಪಾರ್ಕಿನಲ್ಲಿ ಕರಡಿ ವೇಷ ಹಾಕಿಕೊಳ್ಳುವುದು ಸಂಬಳ ತೆಗೆದುಕೊಳ್ಳುವ ದೊಡ್ಡವರು. ಜೇನಿನ ಗಡಿಗೆಯಲ್ಲಿ ಕೂತು ಸುತ್ತುವ ರೈಡಿನಲ್ಲಿ ಮಗು ಮಗುವಾಗಿಯೇ ಇರುತ್ತದೆ, ಟಿಕೆಟ್ ಕೊಂಡ ಗಿರಾಕಿ. ಇಲ್ಲಿ ಮಾತ್ರ ಮಗುವನ್ನೇ ಪಾತ್ರ ಮಾಡುತ್ತೇವೆ, ಅದೂ ಆ ಪಾತ್ರವನ್ನು ಹೊರಲಾರದೆ ಒದ್ದಾಡಿದ ಹುಡುಗನ ಪಾತ್ರ. ಮಿಲ್ನ್‌ಗೆ ಕಡೇಪಕ್ಷ ಪ್ರತಿಭೆ ಇತ್ತು, ಪ್ರಕಾಶಕರು ಇದ್ದರು. ಮಗನ ಹೆಸರನ್ನು ಲೋಕಕ್ಕೆ ಹಂಚೋಕೆ ಆಗ ಅಷ್ಟು ಬೇಕಿತ್ತು. ಈಗ ಒಂದು ಫೋನ್ ಸಾಕು. ಹತ್ತು ವರ್ಷ ಆದಮೇಲೆ ಕ್ಲಾಸಿನ ಹುಡುಗರು ಆ ಫೋಟೊ ತೆಗೆದು ತೋರಿಸಿದರೆ, ಒಡೆದು ಹಾಕೋಕೆ ರೆಕಾರ್ಡ್ ಕೂಡ ಕೈಗೆ ಸಿಗೋದಿಲ್ಲ.

ಪುಸ್ತಕದ ಕೊನೆಯ ಅಧ್ಯಾಯ ನೆನಪಿದೆಯಾ? ಹುಡುಗ ಸ್ಕೂಲಿಗೆ ಹೋಗುವ ಹೊತ್ತು ಬಂದಿದೆ. ಗುಡ್ಡದ ಮೇಲೆ ಕೂತು ಪೂಗೆ ಹೇಳುತ್ತಾನೆ, ತನಗೆ ಬಹಳ ಇಷ್ಟ ಏನೂ ಮಾಡದೇ ಇರುವುದು, ಇನ್ನು ಮುಂದೆ ಅದಕ್ಕೆ ಬಿಡುವುದಿಲ್ಲ ಅಂತ. ನನಗೆ ಅನಿಸುವುದು, ಇದು ಮಕ್ಕಳ ಸಾಹಿತ್ಯದಲ್ಲೇ ಅತಿ ಖಾರವಾದ ಮಾತುಗಳಲ್ಲಿ ಒಂದು. ಹೇಳಿರುವ ಧಾಟಿ ಮೆತ್ತಗಿದೆ ಅಷ್ಟೇ. ಅದನ್ನು ಹೇಳಿದ ಜಾಗಕ್ಕೇ ಮಕ್ಕಳನ್ನು ಕರಕೊಂಡು ಹೋಗಿ ಹನ್ನೊಂದೂವರೆಗೆ ಇಲ್ಲಿ, ಹನ್ನೆರಡಕ್ಕೆ ಸೇತುವೆ, ಒಂದಕ್ಕೆ ಹಳ್ಳಿಯಲ್ಲಿ ಟೀ ಮತ್ತು ಸ್ಕೋನ್, ಎರಡಕ್ಕೆ ಅಂಗಡಿ ಅಂತ ನಡೆಸುತ್ತೇವೆ. ಭಾವ ಪೊದೆ ನೋಡಿ ಬೇಜಾರು ಮಾಡಿಕೊಂಡು ಹೀದರ್ ಮೇಲೆ ಅಂಗಾತ ಮಲಗಿದ್ದರಲ್ಲ, ಆ ದಿನ ಆ ಗುಡ್ಡದ ಮೇಲೆ ಪುಸ್ತಕಕ್ಕೆ ತಕ್ಕಂತೆ ನಡೆದುಕೊಂಡವರು ಅವರೊಬ್ಬರೇ.

ಕ್ರಿಸ್ಟೋಫರ್ ಮಿಲ್ನ್ ಕೊನೆಗೆ ಅಪ್ಪನ ಪುಸ್ತಕದ ಜೊತೆ ಒಂದು ರೀತಿಯ ರಾಜಿ ಮಾಡಿಕೊಂಡರು. ಆಟಿಕೆಗಳ ಜೊತೆ ಅಲ್ಲ, ಜಾಗದ ಜೊತೆ. ಆಶ್‌ಡೌನಿನಲ್ಲಿ ತೈಲಕ್ಕಾಗಿ ನೆಲ ಕೊರೆಯುವ ಯೋಜನೆ ಬಂದಾಗ ವಿರೋಧಿಸಿದವರಲ್ಲಿ ಅವರೂ ಇದ್ದರು. 1996ರಲ್ಲಿ ತೀರಿಕೊಂಡರು. ಅವರ ನೆನಪಿನ ಪುಸ್ತಕದಲ್ಲಿ ನನಗೆ ಬಹಳ ಇಷ್ಟವಾದ ಜಾಗ ಅವರು ತಮ್ಮ ಆಟಗಳನ್ನೂ ಅಪ್ಪನ ಕತೆಗಳನ್ನೂ ಬಿಡಿಸಿ ನೋಡಲು ಹೊರಡುವುದು. ತಾನು ಮೊದಲು ಆಡಿದ್ದನ್ನು ಅಪ್ಪ ಬರೆದರೋ, ಅಪ್ಪ ಬರೆದದ್ದನ್ನು ಓದಿ ತಾನು ಆಡಿದ್ದೋ, ಅವರಿಗೇ ಖಚಿತ ಇಲ್ಲ. ಎರಡೂ ಒಂದರೊಳಗೊಂದು ಹೆಣೆದುಕೊಂಡು ಹೋಗಿವೆ. ಬೇರೆ ಎಲ್ಲ ಕಡೆ ಕಹಿ ಇರುವ ಮನುಷ್ಯ ಇಲ್ಲಿ ಸುಮ್ಮನೆ ನೆನಪು ಮಾಡಿಕೊಳ್ಳುತ್ತಾರೆ.

ನನ್ನ ಮಗಳಿಗೆ ಈಗ ಎಂಟು ವರ್ಷ. ಪೂ ಪುಸ್ತಕ ಅವಳಿಗೆ ಅಷ್ಟಕ್ಕಷ್ಟೆ, ನಿಧಾನ ಅನ್ನುತ್ತಾಳೆ. ಆ ಕಾಡಿನಲ್ಲಿ ಅವಳಿಗೆ ನೆನಪಿರುವುದು ಎರಡೇ: ಗಾರ್ಸ್ ಮುಳ್ಳು ಚುಚ್ಚಿದ್ದು (ಮೊದಲ ಕತೆಯಲ್ಲಿ ಪೂ ಮರದಿಂದ ಬೀಳುವುದೂ ಅದೇ ಗಾರ್ಸ್ ಪೊದೆಗೆ, ಅದನ್ನು ಹೇಳಿದಾಗ ಮಾತ್ರ ಕರಡಿಯ ಮೇಲೆ ಸ್ವಲ್ಪ ಮರ್ಯಾದೆ ಬಂತು), ಮತ್ತೆ ಸೇತುವೆ. ಕ್ರಾಯ್ಡನ್ನಿನ ನಮ್ಮ ಪಾರ್ಕಿನಲ್ಲಿ ವಾಂಡಲ್ ಅನ್ನೋ ಸಣ್ಣ ನದಿ ಹರಿಯುತ್ತದೆ. ಸ್ಕೂಲು ಬಿಟ್ಟ ಮೇಲೆ ಅವಳೂ ಅವಳ ಗೆಳತಿಯೂ ಅಲ್ಲಿ ಕಡ್ಡಿ ಬಿಡುತ್ತಾರೆ. ನಿಯಮ ಬದಲಾಗಿದೆ: ಎಲೆಯೂ ನಡೆಯುತ್ತದೆ, ಮುಳುಗಿದರೆ ಎರಡು ಪಾಯಿಂಟು, ಬಾತುಕೋಳಿ ಅಡ್ಡ ಬಂದರೆ ಮತ್ತೆ ಮೊದಲಿಂದ. ಆಟಕ್ಕೆ ಅವರಿಟ್ಟಿರುವ ಹೆಸರಿನಲ್ಲಿ ಪೂ ಇಲ್ಲ. ಆ ಹೆಸರು ಏನು ಅಂತ ನನಗೆ ಹೇಳಿದ್ದಾಳೆ, ನಿನ್ನ ಕಾಲಮ್ಮಿನಲ್ಲಿ ಬರೀಬೇಡ ಅಂತಲೂ ಹೇಳಿದ್ದಾಳೆ.